ತೌಡಿಗೆ ಮಾರಿದ ಮಗಳ ಹುಟ್ಟಿನ ಕಾಗದ

ಹಡೆಯುವುದು ಕಷ್ಟ, ಹಡೆದದ್ದನ್ನು ಕಾಗದದಲ್ಲಿ ತೋರಿಸುವುದರಲ್ಲಿ ಏನಿದೆ ಎಂದುಕೊಂಡಿದ್ದೆ. ತಿಳಿಯದವರು ಹಾಗೇ ಅಂದುಕೊಳ್ಳುತ್ತಾರೆ. ಹಡೆಯುವ ಕೆಲಸ ಬೆಳಗಿನಿಂದ ಮಧ್ಯಾಹ್ನದೊಳಗೆ ಮುಗಿದಿತ್ತು. ಕಾಗದಕ್ಕೆ ಒಂದು ಬೇಸಿಗೆ ಪೂರಾ ಹೋಯಿತು.

ನಾನು ಗಬ್ಬೂರಿನ ಅಮರಮ್ಮ. ನನಗೆ ಅಕ್ಷರ ಎಂದರೆ ನನ್ನ ಹೆಸರು ಬರೆಯುವಷ್ಟು, ಬಸ್ಸಿನ ಬೋರ್ಡು ಕೂಡಿಸಿ ಕೂಡಿಸಿ ಓದುವಷ್ಟು. ಅದೂ ಕೂದಲು ಬೆಳ್ಳಗಾಗಲು ಶುರುವಾದ ಮೇಲೆ ಕಲಿತದ್ದು. ಇದನ್ನು ಬರೆಯಲು ಎಷ್ಟು ಕಾಲ ಹಿಡಿಯಿತು ಎಂದು ಕೇಳಬೇಡಿ. ಗಂಡ ಮಲ್ಲಣ್ಣ ಕುರಿ ಮೇಯಿಸುವವನು. ಕುರಿಗಳ ಜೊತೆ ಇದ್ದೂ ಇದ್ದೂ ಮಾತು ಕಡಿಮೆ. ಮಗಳು ಒಬ್ಬಳೇ, ಹುಸೇನಮ್ಮ. ಕುರಿಯವರ ಮನೆಯ ಹುಡುಗಿಗೆ ಈ ಹೆಸರು ಹೇಗೆ ಬಂತು ಎಂದು ಹೊರಗಿನವರು ಕೇಳುತ್ತಾರೆ. ನಮ್ಮ ಕಡೆಯವರು ಕೇಳುವುದಿಲ್ಲ.

ಎಂಬತ್ತೇಳೋ ಎಂಬತ್ತೆಂಟೋ ಇರಬೇಕು. ಹುಸೇನಮ್ಮ ಹತ್ತನೆಯ ಇಯತ್ತೆ ಪಾಸಾಗಿ, ರಾಯಚೂರಿನಲ್ಲಿ ನರ್ಸ್ ತರಬೇತಿಗೆ ಅರ್ಜಿ ಹಾಕಿದಳು. ಸೀಟೂ ಬಂತು. ಆದರೆ ಹುಟ್ಟಿದ ದಾಖಲೆಯ ನಕಲು ತರಬೇಕು, ಅದರಲ್ಲಿನ ತಂದೆ ತಾಯಿ ಹೆಸರು ಶಾಲೆಯ ಕಾಗದಕ್ಕೆ ಕೂಡಬೇಕು, ಬೇಸಿಗೆ ರಜೆ ಮುಗಿಯುವುದರೊಳಗೆ ಕೊಡದಿದ್ದರೆ ಸೀಟು ಮುಂದಿನವಳಿಗೆ ಹೋಗುತ್ತದೆ ಎಂದರು. ಮುಂದಿನವಳು ಯಾರು ಎಂದು ನಾನು ನೋಡಿಕೊಂಡೇ ಬಂದೆ. ದೇವಸುಗೂರಿನ ಹುಡುಗಿ. ಎರಡು ಜಡೆ, ಕೈಯಲ್ಲಿ ಗಡಿಯಾರ. ಜೊತೆಗೆ ನಿಂತಿದ್ದ ಅವಳ ತಾಯಿ ನನ್ನನ್ನು ನೋಡಿ ನಕ್ಕಳು. ಆ ನಗು ನನಗೆ ಸೇರಲಿಲ್ಲ.

ಕುರಿ ಕೆಲಸ ನಿನ್ನದು, ಕಾಗದದ ಕೆಲಸ ನನ್ನದು ಎಂದು ಗಂಡನಿಗೆ ಹೇಳಿದೆ. ಆದರೂ ಅವನು ಹಿಂದೆ ಬಂದ. ಹುಟ್ಟಿದ್ದು ಸತ್ತದ್ದು ಬರೆದಿಟ್ಟ ಹಳೆಯ ಪುಸ್ತಕಗಳೆಲ್ಲ ದೇವದುರ್ಗದ ಕಚೇರಿಯಲ್ಲಿರುತ್ತವೆ. ಅಲ್ಲಿನ ಗುಮಾಸ್ತ ಒಳ್ಳೆಯವನು. ಧೂಳು ಜಾಡಿಸಿ ಪುಸ್ತಕ ತಂದ, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದ, ಚಹಾ ತಣ್ಣಗಾಗುವುದರೊಳಗೆ ಹುಡುಕಿಬಿಟ್ಟ.

“ಸಿಕ್ತು ನೋಡವಾ. ಗಬ್ಬೂರು, ಹೆಣ್ಣುಕೂಸು, ಹೆಸರು ಹುಸೇನಮ್ಮ.”

ಇಷ್ಟೇ ತಾನೇ ಎಂದು ನಾನು ಗಂಡನ ಕಡೆ ನೋಡಿದೆ. ಸೆರಗು ಸರಿಮಾಡಿಕೊಂಡೆ.

“ತಂದಿ ಲಾಲಸಾಬ್. ತಾಯಿ ಖಾಸಿಂಬಿ.”

ಸೆರಗು ಕೈಯಲ್ಲೇ ಉಳಿಯಿತು. “ಅದು ನನ್ನ ಮಗಳ್ರಿ,” ಎಂದೆ.

“ನೀ ಯಾರವಾ?”

“ಅಮರಮ್ಮ.”

ಗುಮಾಸ್ತ ಮತ್ತೆ ಬಗ್ಗಿ ಓದಿದ. ಅವನ ಮುಖ ಅರಳಿತು. “ಅದಾಳ ನೋಡು, ಅಮರಮ್ಮನೂ ಅದಾಳ. ಹೇಳಿ ಬರೆಸಿದವರು ಅಮರಮ್ಮ, ಬಾಜೂ ಮನಿಯಾಕಿ. ಹೆಬ್ಬಟ್ಟೂ ಅದ.”

ನನ್ನ ಮಗಳ ಹುಟ್ಟಿನ ಪುಸ್ತಕದಲ್ಲಿ ನಾನು ಬಾಜೂ ಮನೆಯವಳು!

ಇದು ಹೇಗಾಯಿತು ಎಂದು ಹೇಳಬೇಕು. ಹುಸೇನಮ್ಮನಿಗಿಂತ ಮೊದಲು ಹುಟ್ಟಿದವು ಉಳಿಯಲಿಲ್ಲ. ಅದರ ಮಾತು ಇಲ್ಲಿ ಬೇಡ. ನಮ್ಮ ಕಡೆ ಅಂಥ ಮನೆಯಲ್ಲಿ ಕೂಸು ಹುಟ್ಟಿದರೆ ಮಾರಿಬಿಡುತ್ತಾರೆ. ಮಕ್ಕಳೆಲ್ಲ ಗಟ್ಟಿಮುಟ್ಟಾಗಿ ಉಳಿದ ಒಬ್ಬ ಹೆಂಗಸನ್ನು ನೋಡಿ, ಕೂಸನ್ನು ಮೊರದಲ್ಲಿ ಹಾಕಿ ಹೊಸ್ತಿಲಲ್ಲಿ ಇಡಬೇಕು. ಅವಳು ಒಂದು ಮೊರ ತೌಡು ಕೊಟ್ಟು ಕೊಂಡುಕೊಳ್ಳಬೇಕು. ಹೆಸರು ಅವಳೇ ಇಡಬೇಕು. ಅಲ್ಲಿಂದ ಕೂಸು ಅವಳದು. ಹಡೆದವಳು ಮೊಲೆ ಕೊಡಬಹುದು, ತೊಟ್ಟಿಲು ತೂಗಬಹುದು, ಆದರೆ ಯಾರು ಕೇಳಿದರೂ ನನ್ನದಲ್ಲ ಎನ್ನಬೇಕು. ಕೆಟ್ಟದ್ದು ಅಮರಮ್ಮನ ಕೂಸನ್ನು ಹುಡುಕಿಕೊಂಡು ಬಂದರೆ ಅಮರಮ್ಮನಿಗೆ ಕೂಸೇ ಇಲ್ಲ. ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಹೋಗಬೇಕು. ತಲೆಗೂದಲು ತೆಗೆಸಿದ ಮೇಲೆ ತೌಡು ತಿರುಗಿ ಕೊಟ್ಟು ಕೂಸನ್ನು ಬಿಡಿಸಿಕೊಳ್ಳಬೇಕು.

ನಾನು ಮಾರಿದ್ದು ಬಾಜೂ ಮನೆಯ ಬಳೆಗಾರ ಲಾಲಸಾಬನ ಹೆಂಡತಿ ಖಾಸಿಂಬಿಗೆ. ಮಾರಿದ ವಾರದಲ್ಲೇ ಪಟವಾರಿ ಕಡೆಯಿಂದ ಹೊಸ ಮನುಷ್ಯನೊಬ್ಬ ಹುಟ್ಟಿದ್ದು ಬರೆದುಕೊಳ್ಳಲು ಬಂದ. ಖಾಸಿಂಬಿಯ ತೊಡೆಯ ಮೇಲೆ ಕೂಸು. ಪಕ್ಕದಲ್ಲಿ ನಾನು. ಕೂಸು ಯಾರದು ಎಂದ. ನನ್ನದಲ್ಲ, ಆಕೆಯದು ಎಂದೆ. ಅವನು ಮತ್ತೆ ಕೇಳಿದ. ನಾನು ಮತ್ತೂ ಗಟ್ಟಿಯಾಗಿ ಹೇಳಿದೆ. ಕೆಟ್ಟದ್ದು ಎಷ್ಟೆಷ್ಟು ವೇಷ ಹಾಕಿ ಬರುತ್ತದೋ, ಯಾರಿಗೆ ಗೊತ್ತು? ಖಾಸಿಂಬಿ ಅಷ್ಟು ಹೊತ್ತೂ ಕೂಸಿನ ಮೂಗು ಹಿಂಡುತ್ತ ನಗುತ್ತಿದ್ದಳು. ಅವನು ನನ್ನ ಹೆಬ್ಬಟ್ಟು ಹಿಡಿದು ಒತ್ತಿಸಿಕೊಂಡು ಹೋದ. ಮೋಸ ಹೋದ ಎಂದು ನಾನು ಖುಷಿಪಟ್ಟೆ.

ಗುಮಾಸ್ತನಿಗೆ ಕೇಳಿದೆ, ಈಗೇನು ಮಾಡಬೇಕು? ತಿದ್ದುಪಡಿಗೆ ದಾರಿ ಇದೆ ಎಂದ. ಹುಟ್ಟಿದ ಸಂಗತಿ ಗೊತ್ತಿರುವ, ನಂಬಿಕೆಯ ಇಬ್ಬರು ಬಂದು ಪ್ರಮಾಣ ಮಾಡಿ ಹೇಳಬೇಕು, ಶಿರಸ್ತೇದಾರರಿಗೆ ಖಾತ್ರಿಯಾದರೆ ತಿದ್ದುತ್ತಾರೆ. “ಆ ಖಾಸಿಂಬೀನ ಕರಕೊಂಡ ಬಾರವಾ. ಆಕಿ ನಂದಲ್ಲ ಅಂದ್ರ ಅರ್ಧ ಕೆಲಸ ಮುಗೀತು.”

ಗಂಡ ತಲೆಯಾಡಿಸಿದ. ಮನೆಗೆ ಬಂದಾಗ ಮಗಳೂ ಅದನ್ನೇ ಹೇಳಿದಳು. ಬಳಿಯವ್ವನ್ನ ನಾನೇ ಕರೆದುಕೊಂಡು ಬರುತ್ತೇನೆ ಎಂದಳು. ಬಳಿಯವ್ವ ಎಂದರೆ ಬಳೆಯ ಅವ್ವ, ಖಾಸಿಂಬಿ. ನಾನು ಬರೀ ಅವ್ವ. ಆಕೆಗೆ ಮಾತ್ರ ಮುಂದೊಂದು ಅಲಂಕಾರ.

“ಆಕೀನ ಕರದ್ರ ನೋಡು,” ಎಂದೆ. “ನನ್ನ ಮಗಳು ನನ್ನಾಕಿ ಅಂತ ಆಕಿ ಬಂದು ಹೇಳಬೇಕೇನು?”

ಸುಳ್ಳು ಯಾಕೆ ಹೇಳಲಿ, ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಅವಳು ನನಗೆ ಏನೂ ಕೆಟ್ಟದ್ದು ಮಾಡಿಲ್ಲ. ಅದೇ ಕಷ್ಟ. ಕೆಟ್ಟದ್ದು ಮಾಡಿದ್ದರೆ ಜಗಳವಾಡಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವಳ ಮಕ್ಕಳೆಲ್ಲ ಉಳಿದವು. ಅಷ್ಟು ಹಡೆದರೂ ಸೊಂಟ ಬಗ್ಗಲಿಲ್ಲ. ಊರಿನ ಹೆಂಗಸರೆಲ್ಲ ಅವಳ ಮುಂದೆ ಕೈ ಚಾಚಿ ಕೂಡುತ್ತಿದ್ದರು. ಎಂಥ ಗಂಟು ಕೈಗೂ ಮಾತಾಡಿಸುತ್ತ ಮಾತಾಡಿಸುತ್ತ ಬಳೆ ಏರಿಸಿಬಿಡುತ್ತಿದ್ದಳು, ಒಂದೂ ಒಡೆಯುತ್ತಿರಲಿಲ್ಲ. ನನ್ನ ಮಗಳಿಗೆ ಜ್ವರ ಬಂದರೆ ನಾನು ಕಷಾಯ ಕಾಸಬೇಕು, ಅವಳು ಬಂದು ಹಣೆ ಮುಟ್ಟಬೇಕು. ಜ್ವರ ಇಳಿದದ್ದು ಹಣೆ ಮುಟ್ಟಿದ್ದಕ್ಕೆ. ವರ್ಷಕ್ಕೆ ನಾಲ್ಕು ಮಾತಾಡುವ ನನ್ನ ಗಂಡ ಕೂಡ ಒಮ್ಮೆ, ಖಾಸಿಂಬಿ ಚಹಾದ ರುಚೀನ ಬೇರೆ ಬಿಡು, ಎಂದಿದ್ದ. ಆವತ್ತಿನಿಂದ ನಮ್ಮ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಕಡಿಮೆ ಮಾಡಿದೆ.

ಲಾಲಸಾಬ್ ತೀರಿಕೊಂಡ ಮೇಲೆ ಅವಳು ಮಾನ್ವಿಗೆ, ಮಗನ ಬಳೆ ಅಂಗಡಿಗೆ ಹೋದಳು. ಎಲ್ಲರೂ ಬಸ್ಸಿನವರೆಗೆ ಹೋಗಿ ಅತ್ತರು. ನಾನು ಮನೆಗೆ ಬಂದು ಹೋಳಿಗೆ ಮಾಡಿದೆ. ಆಮೇಲೆ ರಾಯಚೂರಿನ ಬಜಾರಿನಲ್ಲಿ ಬಳೆ ತಂದು ನಾನೇ ಹಾಕಿಕೊಳ್ಳಲು ಶುರುಮಾಡಿದೆ. ಕೈಯೆಲ್ಲ ಗೀರು. ಯಾರಾದರೂ ಕೇಳಿದರೆ ಬೆಕ್ಕು ಪರಚಿತು ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಬೆಕ್ಕು ಇರಲಿಲ್ಲ.

ಹೀಗಾಗಿ ಖಾಸಿಂಬಿ ಬೇಡ ಎಂದು ನಾನೇ ಇಬ್ಬರನ್ನು ಹೊಂದಿಸಿದೆ. ಒಬ್ಬ ಊರಿನ ಹಿರಿಯ ಗೌಡಪ್ಪ ತಾತ. ಬಿಳಿ ಮೀಸೆ, ಬಿಳಿ ರುಮಾಲು, ನೋಡಿದರೆ ನಂಬಬೇಕು. ಇನ್ನೊಬ್ಬಳು ಗಂಡನ ಅಕ್ಕ ಭೀಮವ್ವ. ನಾನು ಹಡೆದಾಗ ನನ್ನ ಬೆನ್ನಿಗೆ ಕೂತವಳು ಅವಳೇ. ಇವರಿಗಿಂತ ಗಟ್ಟಿ ಸಾಕ್ಷಿ ಇಡೀ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ ಎಂದು ದೇವದುರ್ಗಕ್ಕೆ ಕರೆದುಕೊಂಡು ಹೋದೆ.

ಶಿರಸ್ತೇದಾರರು ಮೈಸೂರು ಕಡೆಯವರು. ಹೊಸದಾಗಿ ಬಂದಿದ್ದರು. ಮೊದಲು ತಾತನಿಗೆ, ಈ ಮಗು ಹುಟ್ಟಿದ್ದನ್ನು ನೀವು ನೋಡಿದ್ದೀರಾ ಎಂದು ಕೇಳಿದರು.

“ನಾ ಗಂಡಸು ಅದೀನಿ ಸಾಹೇಬ್ರ. ಅಲ್ಲಿ ನನಗೇನು ಕೆಲಸ್ರಿ?”

“ಮತ್ತೆ ಯಾಕೆ ಬಂದ್ರಿ?”

“ಬಸ್ಸಿಗೆ ಹತ್ತು ಅಂದ್ರು, ಹತ್ತಿದೆ.”

ತಾತನ ಸಾಕ್ಷಿ ಅಲ್ಲಿಗೆ ಮುಗಿಯಿತು. ಚಿಂತೆಯಿಲ್ಲ, ಭೀಮವ್ವ ಇದ್ದಾಳೆ. ಅವಳಿಂದ ಪ್ರಮಾಣ ಮಾಡಿಸಿದರು. ಹುಟ್ಟಿದಾಗ ಅಲ್ಲಿದ್ದಿರಾ ಎಂದರೆ ಇದ್ದೆ ಎಂದಳು. ನಾನು ಹಿಗ್ಗಿದೆ. ಹಾಗಾದರೆ ತಾಯಿ ಯಾರು ಎಂದರು. ಭೀಮವ್ವ ನನ್ನ ಕಡೆ ನೋಡಿದಳು, ಮೇಲೆ ಜಂತಿ ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ಕಚೇರಿಯೆಲ್ಲ ಕೇಳುವಂತೆ ಹೇಳಿದಳು.

“ಖಾಸಿಂಬಿ.”

ಹೇಳಿ ನನಗೆ ಕಣ್ಣು ಹೊಡೆದಳು.

ಹೊರಗೆ ಬಂದ ಮೇಲೆ ಅವಳ ಕೈ ಹಿಡಿದು ಜಗ್ಗಿದೆ, ಇದೇನು ಮಾಡಿದೆ ಎಂದೆ. ಅವಳಿಗೆ ತನ್ನ ಜಾಣತನದ ಬಗ್ಗೆ ಸಂಶಯವೇ ಇರಲಿಲ್ಲ. “ಅಷ್ಟು ಮಂದಿ ಮುಂದ ಖರೆ ಹೇಳಿ ಕೂಸಿಗೆ ಏನರ ಆದ್ರ ಯಾರು ಹೊಣಿ? ನೀ ಇನ್ನೂ ತೌಡು ವಾಪಸ್ ಕೊಟ್ಟಿಲ್ಲ ಅಮ್ರಿ. ಬಿಡಿಸಿಕೊಳ್ಳದ ಕೂಸು ಅದು. ನಾ ಹೆಂಗ ನಿಂದು ಅನ್ನಲಿ?”

ಹೌದು, ತೌಡು ತಿರುಗಿ ಕೊಟ್ಟಿರಲಿಲ್ಲ. ಜವಳ ತೆಗೆಸಿದಾಗ ಅತ್ತೆ, ಅವಸರ ಯಾಕೆ, ಇನ್ನಷ್ಟು ದಿನ ಮಾರಿದಂತೆಯೇ ಇರಲಿ, ಸುರಕ್ಷಿತ, ಎಂದಿದ್ದಳು. ಆಮೇಲೆ ಅತ್ತೆ ಹೋದಳು, ಮಾತು ಮರೆತುಹೋಯಿತು. ಈಗ ಕೂಸು ನನಗಿಂತ ಒಂದು ಗೇಣು ಎತ್ತರ ಬೆಳೆದು ರಾಯಚೂರಿನಲ್ಲಿ ಸೀಟು ಹಿಡಿದಿತ್ತು. ಭೀಮವ್ವನ ಪಾಲಿಗೆ ಇನ್ನೂ ಮೊರದಲ್ಲೇ ಮಲಗಿತ್ತು.

ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವವನೊಬ್ಬ ಕೂತಿದ್ದ. ನಮ್ಮ ಜಗಳ ಕೇಳಿ ತಾನೇ ಕರೆದ. ಎಲ್ಲ ಕೇಳಿಕೊಂಡು, ಬಹಳ ಸುಲಭ ಎಂದ. ಖಾಸಿಂಬಿ ಕೊಟ್ಟಂತೆ, ನಾವು ತೆಗೆದುಕೊಂಡಂತೆ ದತ್ತಕ ಪತ್ರ ಮಾಡಿಸಿದರಾಯಿತಂತೆ. ಹಿಂದೆ ನಿಂತಿದ್ದ ನನ್ನ ಗಂಡ ಆವತ್ತಿನ ಮೊದಲ ಮಾತಾಡಿದ.

“ನಾವ ಹಡದದ್ದನ್ನ ನಾವ ದತ್ತು ತಗೋಬೇಕಾ?”

ಆ ಮಾತು ಕೇಳಿ ನನಗೆ ರೋಷ ಬಂತು. ಯಾರ ಸಹಾಯವೂ ಬೇಡ, ನಡೆದದ್ದನ್ನು ನಡೆದ ಹಾಗೆ ನಾನೇ ಹೇಳುತ್ತೇನೆ, ಸತ್ಯಕ್ಕೆ ಯಾರ ಭಯ ಎಂದು ಸೀದಾ ಒಳಗೆ ಹೋಗಿ ಶಿರಸ್ತೇದಾರರ ಮೇಜಿನ ಮುಂದೆ ನಿಂತೆ.

“ಸಾಹೇಬ್ರ, ಕೂಸು ನಂದರೀ. ನಾ ಆಕಿಗೆ ಮಾರಿದ್ದೆ.”

ಅವರು ಪೆನ್ನು ಕೆಳಗಿಟ್ಟರು. “ಏನಮ್ಮಾ, ಮಾರಿದ್ರಾ? ಮಗೂನಾ?”

“ಹೌದ್ರಿ. ಒಂದು ಮೊರ ತೌಡಿಗೆ.”

ಅವರು ಕುರ್ಚಿ ಹಿಂದಕ್ಕೆ ಸರಿಸಿದರು. ಇದು ತಿದ್ದುಪಡಿಯ ವಿಷಯವಲ್ಲ, ಪೊಲೀಸರ ವಿಷಯ, ಮೊದಲು ಠಾಣೆಗೆ ಹೇಳಿಕಳಿಸಿ ಎಂದರು. ಬಾಜೂ ಮನೆಯವಳಾಗಿ ಹೋದವಳು ಅರ್ಧ ತಾಸಿನಲ್ಲಿ ಮಕ್ಕಳ ವ್ಯಾಪಾರಿಯಾದೆ. ತಾತ ರುಮಾಲು ಬಿಚ್ಚಿ ಬೆವರು ಒರೆಸಿಕೊಳ್ಳುತ್ತ, ನಾನು ಈಕೆಯ ಕಡೆಯವನಲ್ಲ ಎಂದು ಗುಮಾಸ್ತನಿಗೆ ತಿಳಿಸುತ್ತಿದ್ದ. ಭೀಮವ್ವ ಬಾಗಿಲಲ್ಲೂ ಇರಲಿಲ್ಲ.

ಅಷ್ಟರಲ್ಲಿ ನೀರು ತಂದ ಜವಾನ ನಕ್ಕುಬಿಟ್ಟ. ಅವನ ಹೆಸರು ತೌಡಪ್ಪ. ನನ್ನನ್ನೂ ಹೀಗೇ ಮಾರಿದ್ದರು ಸಾಹೇಬರೆ, ಅದಕ್ಕೇ ಈ ಹೆಸರು ಎಂದ. ಶಿರಸ್ತೇದಾರರು ಬಂದಾಗಿನಿಂದ ಆ ಹೆಸರು ಕರೆಯುತ್ತಿದ್ದರೂ ಅರ್ಥ ಕೇಳಿರಲಿಲ್ಲ. ಗುಮಾಸ್ತನೂ ಹೌದೆಂದ ಮೇಲೆ ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ತೌಡಪ್ಪ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ.

“ನಿಂದು ಮೊರ ಅಷ್ಟೇನವಾ? ನನಗ ಚೀಲ ಕೊಟ್ಟಿದ್ರು.”

ಜೈಲು ತಪ್ಪಿತು ಎಂದು ನೆಮ್ಮದಿಯಾಗಬೇಕಿತ್ತು. ನನಗೆ ಆ ಚೀಲದ ಮಾತೇ ಹತ್ತಿಕೊಂಡಿತು. ಆ ಕಪ್ಪು ಮುಖದ ತೌಡಪ್ಪನಿಗೆ ಚೀಲ, ನನ್ನ ಬಂಗಾರದಂಥ ಮಗಳಿಗೆ ಮೊರ!

ಶಿರಸ್ತೇದಾರರು ಕೊನೆಯ ಮಾತು ಹೇಳಿದರು. ತಾಯಿ ಎಂದು ಹೆಸರಿರುವ ಆ ಹೆಂಗಸೇ ಬಂದು ಅಲ್ಲ ಎನ್ನಬೇಕು, ಜೊತೆಗೆ ಇನ್ನೊಬ್ಬರು. ಇಲ್ಲದಿದ್ದರೆ ತಮ್ಮಿಂದ ಆಗುವುದಿಲ್ಲ. ರಾಯಚೂರಿನಲ್ಲಿ ಕಾಗದ ಕೊಡಲು ವಾರವೂ ಉಳಿದಿರಲಿಲ್ಲ. ಕಣ್ಣು ಮುಚ್ಚಿದರೆ ದೇವಸುಗೂರಿನ ಆ ತಾಯಿ ನಗುತ್ತಿದ್ದಳು. ಎರಡು ಹೊಟ್ಟೆಕಿಚ್ಚು ಒಟ್ಟಿಗೆ ಬಂದರೆ ಯಾವುದು ದೊಡ್ಡದೋ ಅದು ಗೆಲ್ಲುತ್ತದೆ. ಮಾನ್ವಿಯ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಹೇಳಿಕೊಂಡೆ, ಬೇಡಬಾರದು, ನೆಟ್ಟಗೆ ಹೇಳಬೇಕು. ಬಳೆ ಅಂಗಡಿ ಬಜಾರಿನ ನಡುವೆ ಇತ್ತು. ಒಳಗೆ ಖಾಸಿಂಬಿ ಕೂತಿದ್ದಳು. ಅವಳ ಪಕ್ಕದಲ್ಲಿ, ಒಂದು ತಟ್ಟೆ ಸುರಕುಂಬಾ, ಅವರ ಶಾವಿಗೆ ಪಾಯಸ, ಹಿಡಿದುಕೊಂಡು ನನ್ನ ಮಗಳು. ಗೆಳತಿಯ ಊರಿಗೆ ಹೋಗುತ್ತೇನೆ ಎಂದು ಹೊರಟವಳು ಇಲ್ಲಿದ್ದಳು. ನನ್ನನ್ನು ನೋಡಿ ಚಮಚ ಬಾಯಲ್ಲೇ ಉಳಿಯಿತು.

ಖಾಸಿಂಬಿ ಎದ್ದು ಬಂದು ಕೈ ಹಿಡಿದಳು. ಹಿಡಿದವಳು ಬಿಡಲಿಲ್ಲ, ತಿರುಗಿಸಿ ನೋಡಿದಳು.

“ಅರೇ ಅಮರಕ್ಕಾ, ಇದೇನ ಕೈ? ಯಾವ ಕೈಗೇಡಿ ಬಳಿ ಇಟ್ಟದ್ದು?”

ಆ ಕೈಗೇಡಿ ನಾನೇ ಎಂದು ಹೇಳಲಿಲ್ಲ. ಬೆಕ್ಕು ಎಂದೆ. ಮಗಳು ತಲೆ ತಗ್ಗಿಸಿ ನಕ್ಕಳು. ಖಾಸಿಂಬಿ ನನ್ನನ್ನು ಕೂಡಿಸಿ, ಹಸಿರು ಬಳೆ ತೆಗೆದು ಇಡಲು ಶುರುಮಾಡಿದಳು. ಬೇಡ ಎನ್ನುವುದರೊಳಗೆ ಎರಡು ಏರಿದ್ದವು. ನಾನು ಕೈ ಅವಳಿಗೆ ಕೊಟ್ಟು, ಮುಖ ರಸ್ತೆ ಕಡೆ ತಿರುಗಿಸಿ ವಿಷಯ ಹೇಳಿದೆ. ಸರಕಾರದ ಪುಸ್ತಕದಲ್ಲಿ ನಿನ್ನ ಹೆಸರಿದೆ, ಅದನ್ನು ತೆಗೆಸಬೇಕು, ಬಾ ಎಂದೆ.

ಬಳೆ ಇಡುವ ಕೈ ನಿಂತಿತು. ಮಗಳು ನನಗೆ ಹೆದರಿ ಇನ್ನೂ ಏನೂ ಹೇಳಿರಲಿಲ್ಲ. “ಸರಕಾರದ ಬುಕ್ಕಿನ್ಯಾಗ ನನ್ನ ಹೆಸರು ಅದ? ಖರೇನ?”

“ಅದ. ತಾಯಿ ಖಾಸಿಂಬಿ ಅಂತ ಅದ.”

ಅವಳಿಗೆ ಸಿಟ್ಟು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಮುಖವೆಲ್ಲ ನಗುವಾಯಿತು. “ನನ್ನ ಹೊಟ್ಟಿಲೆ ಹುಟ್ಟಿದವು ಇಷ್ಟು ಮಂದಿ ಅದಾವ, ಒಂದರದೂ ಬರೆಸಿಲ್ಲ ಅವರಪ್ಪ. ನಾ ತಾಯಿ ಅಂತ ಬರದದ್ದು ಇದೊಂದ ಕಡಿ ನೋಡು.”

ಏನು ಹೇಳಬೇಕೆಂದು ತಿಳಿಯದಿದ್ದಾಗ ನಾನು ಬಿರುಸಾಗಿ ಮಾತಾಡುತ್ತೇನೆ. ಬರುತ್ತೀಯೋ ಇಲ್ಲವೋ ಎಂದೆ.

“ಬರ್ತೀನಿ. ಆದ್ರ ತೌಡು?”

ಹಾಸ್ಯ ಎಂದುಕೊಂಡೆ. ಹಾಸ್ಯವಲ್ಲ. ತೌಡು ತಿರುಗಿ ಬರುವ ತನಕ ಕೂಸು ತನ್ನದು, ಪ್ರಮಾಣ ಮಾಡಿ ತನ್ನದಲ್ಲ ಎಂದರೆ ಸುಳ್ಳಾಗುತ್ತದೆ, ಈ ವಯಸ್ಸಿನಲ್ಲಿ ಸುಳ್ಳು ಪ್ರಮಾಣ ಮಾಡಿ ಮೇಲೆ ಹೋಗಿ ಏನು ಉತ್ತರ ಕೊಡಲಿ ಎಂದಳು. ಭೀಮವ್ವನೂ ಇವಳೂ ಒಂದೇ ಬಾವಿಯ ನೀರು ಕುಡಿದವರು.

ಮಾನ್ವಿಯಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ. ತೌಡು ಏನು ಮಹಾ ಎಂದು ಹೋದೆ. ಗಿರಣಿಯವನು ಒಂದು ಮೊರದ ಲೆಕ್ಕದಲ್ಲಿ ಕೊಡುವುದಿಲ್ಲ, ತೆಗೆದುಕೊಂಡರೆ ಚೀಲ ತೆಗೆದುಕೋ ಎಂದ. ನನಗೆ ತೌಡಪ್ಪನ ನೆನಪಾಯಿತು. ಚೀಲವೇ ಕೊಡಪ್ಪ ಎಂದೆ. ಜವಾನನಿಗಿಂತ ನನ್ನ ಮಗಳು ಯಾಕೆ ಕಡಿಮೆಯಾಗಬೇಕು?

ಮರುದಿನ ಬೆಳಿಗ್ಗೆ ಸಿರವಾರದ ಮೇಲೆ ಹೋಗುವ ಬಸ್ಸಿಗೆ ನಾನು, ಖಾಸಿಂಬಿ, ಮಗಳು, ಹೊಸ ಮೊರ ಮತ್ತು ಚೀಲ ಹತ್ತಿದೆವು. ಮೇಲೆ ಹಾಕು ಎಂದ ಕಂಡಕ್ಟರ್. ಮೇಲೆ ಹಾಕಿದರೆ ಯಾರಾದರೂ ಹೊಡೆದುಕೊಂಡು ಹೋದರೆ ಎಂದು ನಾನು ಕಾಲ ಹತ್ತಿರವೇ ಇಟ್ಟುಕೊಂಡೆ. ರಸ್ತೆ ಹೇಗಿತ್ತು ಎಂದು ಆ ಕಾಲದಲ್ಲಿ ಓಡಾಡಿದವರಿಗೆ ಗೊತ್ತು. ಎರಡನೆಯ ತಗ್ಗಿಗೆ ಚೀಲದ ಹೊಲಿಗೆ ಬಿಟ್ಟಿತು. ಕಿಟಕಿಯಿಂದ ಬೇಸಿಗೆಯ ಗಾಳಿ ಬಂತು. ಮುಂದಿನ ಸೀಟಿನಲ್ಲಿ ಇಸ್ತ್ರಿ ಅಂಗಿಯ ಮೇಷ್ಟ್ರೊಬ್ಬರು ಇದ್ದರು. ಇಳಿಯುವಾಗ ಅವರ ಮಕ್ಕಳೂ ಅವರನ್ನು ಗುರುತಿಸುತ್ತಿರಲಿಲ್ಲ.

“ಇದೇನವಾ, ಬಸ್ಸಿನ್ಯಾಗ ಹೋಳಿ ಆಡಾಕತ್ತೀರಿ?” ಎಂದ ಕಂಡಕ್ಟರ್. ಅವನ ಮೀಸೆ ಗೌಡಪ್ಪ ತಾತನ ಮೀಸೆಯ ಬಣ್ಣಕ್ಕೆ ಬಂದಿತ್ತು.

ನಾನು ಹರಿದ ಬಾಯಿಗೆ ಸೆರಗು ತುರುಕಿ ಬೈಯುತ್ತಿದ್ದೆ. ಖಾಸಿಂಬಿ ಪ್ರಯಾಣಿಕರ ತಲೆ ಜಾಡಿಸುತ್ತ, ಮಗಳನ್ನು ಬಿಡಿಸಿಕೊಳ್ಳಲು ಹೊರಟಿದ್ದೇವೆ ಎಂದು ಕಥೆ ಹೇಳುತ್ತಿದ್ದಳು. ದೇವದುರ್ಗ ಬರುವ ಹೊತ್ತಿಗೆ ಇಡೀ ಬಸ್ಸು ಅವಳ ಕಡೆ. ಇಳಿಯುವಾಗ ಆ ಮೇಷ್ಟ್ರೇ ಅವಳಿಗೆ ಮೊರ ಎತ್ತಿಕೊಟ್ಟರು. ಚೀಲ ನಾನೇ ಹೊತ್ತೆ.

ಕಚೇರಿಯಲ್ಲಿ, ನಾನು ಹೇಳಿಹೋದಂತೆ, ನನ್ನ ಗಂಡ ಭೀಮವ್ವನನ್ನು ಹಿಡಿದುಕೊಂಡು ಕೂತಿದ್ದ. ಶಿರಸ್ತೇದಾರರು ಖಾಸಿಂಬಿಯಿಂದ ಪ್ರಮಾಣ ಮಾಡಿಸಿ, ಈ ಮಗು ನಿಮ್ಮದಾ ಎಂದು ಕೇಳಿದರು.

“ಸ್ವಲ್ಪ ತಡೀರಿ ಸಾಹೇಬ್ರ,” ಎಂದಳು ಅವಳು. ಮೊರ ನೆಲಕ್ಕಿಟ್ಟಳು. ನನ್ನ ಕಡೆ ನೋಡಿದಳು.

ನಾನು ಚೀಲ ಎತ್ತಿ ಸುರಿ‌ದೆ. ನಿಧಾನಕ್ಕೆ ಸುರಿಯಬೇಕಿತ್ತು. ಇಷ್ಟು ವರ್ಷದ ಹೊಟ್ಟೆಕಿಚ್ಚು ಕೈಗೆ ಇಳಿದಿತ್ತೋ ಏನೋ, ಒಮ್ಮೆಲೇ ಸುರಿದೆ. ತಲೆಯ ಮೇಲೆ ಪಂಖ ಜೋರಾಗಿ ತಿರುಗುತ್ತಿತ್ತು. ಅದನ್ನು ನಾನು ನೋಡಿರಲಿಲ್ಲ. ಇಡೀ ತಾಲೂಕಿನ ಹುಟ್ಟು ಸಾವಿನ ಮೇಲೆ ತೌಡು ಕೂತಿತು. ಶಿರಸ್ತೇದಾರರ ಚಹಾದ ಮೇಲೆ ಕೆನೆ ಕಟ್ಟಿತು. ಪಂಖ ನಿಲ್ಲಿಸಿ ಎಂದು ಅವರು ಕೂಗಿದರು. ಅದಕ್ಕೆ ಬಾಯಿ ತೆರೆಯಬೇಕಾಯಿತು, ಆಮೇಲೆ ಬಹಳ ಹೊತ್ತು ಕೆಮ್ಮಿದರು.

ಧೂಳು ಇಳಿದ ಮೇಲೆ ಖಾಸಿಂಬಿ ಮೊರದಿಂದ ಒಂದು ಹಿಡಿ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಮಗಳ ತಲೆ ಮೇಲೆ ಕೈಯಿಟ್ಟಳು. “ಈಗ ಕೇಳ್ರಿ ಸಾಹೇಬ್ರ. ನಂದಲ್ಲ. ಅಮರಕ್ಕಂದು.”

ದನಿ ಸ್ವಲ್ಪ ಒಡೆಯಿತು. ತೌಡಿಗೆ ಇರಬೇಕು. ಹಿಂದಿನಿಂದ ಭೀಮವ್ವ, ಇನ್ನು ನಾನೂ ಹೇಳುತ್ತೇನೆ ಎಂದು ಕೇಳದೆಯೇ ಮುಂದೆ ಬಂದು ಹೇಳಿದಳು. ಶಿರಸ್ತೇದಾರರು ನಮ್ಮನ್ನು ಹೊರಗೆ ಕಳಿಸುವ ಆತುರದಲ್ಲಿದ್ದರು. ಎಲ್ಲವನ್ನೂ ಬರೆದುಕೊಂಡು ಸಹಿ ಮಾಡಿ ಎಂದರು.

ಇದಕ್ಕೇ ಕಾದಿದ್ದೆ. ಪೆನ್ನಿಗೆ ಕೈ ಚಾಚಿದೆ. ಗುಮಾಸ್ತ ತಡೆದ. ಹಳೆಯ ಬರಹದಲ್ಲಿ ನಿನ್ನದು ಹೆಬ್ಬಟ್ಟು ಇದೆ, ಹೋಲಿಸಿ ನೋಡಲು ಹೆಬ್ಬಟ್ಟೇ ಬೇಕು ಎಂದ. ನನಗೆ ಬರೆಯಲು ಬರುತ್ತದೆ ಎಂದೆ. ಬರಲಿ, ಹೆಬ್ಬಟ್ಟು ಒತ್ತು ಎಂದ. ಖಾಸಿಂಬಿ ಪೆನ್ನು ತೆಗೆದುಕೊಂಡು, ಬಲದಿಂದ ಎಡಕ್ಕೆ, ಬಳ್ಳಿ ಹಬ್ಬಿಸಿದಂತೆ ಉರ್ದುವಿನಲ್ಲಿ ಸಹಿ ಮಾಡಿದಳು. ಮದರಸಾದಲ್ಲಿ ಕಲಿತಿದ್ದಳಂತೆ. ಇಷ್ಟು ವರ್ಷ ಬಾಜೂ ಮನೆಯಲ್ಲಿದ್ದರೂ ಹೇಳಿರಲಿಲ್ಲ. ಎಲ್ಲರೂ ಚೆಂದ ಇದೆ ಎಂದರು. ನಾನು ಮಸಿ ಹತ್ತಿದ ಹೆಬ್ಬೆರಳು ಹಿಡಿದುಕೊಂಡು ನಿಂತಿದ್ದೆ.

ಹೋಗಲಿ, ಈಗಲಾದರೂ ಅವಳ ಹೆಸರು ಹೊಡೆದುಹಾಕುತ್ತಾರಲ್ಲ ಎಂದು ಮೇಜಿನ ಮೇಲೆ ಬಗ್ಗಿದೆ. ಶಿರಸ್ತೇದಾರರು ಪುಸ್ತಕ ಜಾಡಿಸಿ, ಕೆಂಪು ಮಸಿ ತೆಗೆದು, ಹಾಳೆಯ ತುದಿಯಲ್ಲಿ ಸಣ್ಣದಾಗಿ ಏನೋ ಬರೆದರು. ತಾರೀಖು ಹಾಕಿದರು. ಸಹಿ ಮಾಡಿದರು. ಪುಸ್ತಕ ಮುಚ್ಚಲು ಹೋದರು.

“ಆಕೀ ಹೆಸರು ಹೊಡೀಲಿಲ್ರಿ?”

“ಮೂಲ ಬರಹ ಮುಟ್ಟೋ ಹಾಗಿಲ್ಲಮ್ಮ. ಕಾನೂನು ಹಾಗಿದೆ. ಅದು ಇದ್ದ ಹಾಗೇ ಇರುತ್ತೆ. ತಿದ್ದುಪಡಿ ಅಂಚಿನಲ್ಲಿ ಬರೀತೀವಿ.”

ತೋರಿಸಿ ಎಂದೆ. ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದೆ. ಹಾಳೆಯ ನಡುವೆ, ಸಾಲು ಬಿಟ್ಟ ಜಾಗದಲ್ಲಿ, ಕಪ್ಪು ಮಸಿಯಲ್ಲಿ, ತಾಯಿ ಖಾಸಿಂಬಿ ಕಾಲು ಚಾಚಿ ಕೂತಿದ್ದಳು. ಆಚೆ ತುದಿಯಲ್ಲಿ, ಪುಸ್ತಕದ ಹೊಲಿಗೆಯ ಹತ್ತಿರ, ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವರ ಹಾಗೆ ಅಮರಮ್ಮ. ಅಕ್ಷರ ಇರುವೆಯಷ್ಟು. ಬಾಜೂ ಮನೆಯಿಂದ ಅಂಚಿಗೆ ಬಂದಿದ್ದೆ.

ಖಾಸಿಂಬಿ ಗುಮಾಸ್ತನ ಹತ್ತಿರ ತನ್ನ ಹೆಸರು ಎಲ್ಲಿದೆ ತೋರಿಸು ಎಂದು ಕೇಳಿದಳು. ಅವನು ತೋರಿಸಿದ. ಹಾಗೇ ಇರುತ್ತದೆಯೇ ಎಂದಳು. ಸರಕಾರ ಇರುವ ತನಕ ಇರುತ್ತದೆ ಎಂದ ಆ ಒಳ್ಳೆಯ ಮನುಷ್ಯ. ಅವಳು ಹೆಸರಿನ ಮೇಲಿದ್ದ ತೌಡನ್ನು ಬೆರಳ ತುದಿಯಿಂದ ಮೆಲ್ಲಗೆ ಒರೆಸಿದಳು. ನನ್ನ ಹೆಸರಿನ ಮೇಲೂ ತೌಡಿತ್ತು. ಅದನ್ನೂ ಒರೆಸಿದಳು.

ನಕಲು ಸಿಕ್ಕಿತು. ಅದರಲ್ಲಿ ತಂದೆ ಮಲ್ಲಣ್ಣ, ತಾಯಿ ಅಮರಮ್ಮ ಎಂದೇ ಇತ್ತು. ರಾಯಚೂರಿನಲ್ಲಿ ಕೊಟ್ಟೆವು, ಸೀಟು ಉಳಿಯಿತು. ಆಮೇಲೆ ಇನ್ಯಾರೋ ಬಿಟ್ಟು ಹೋದರಂತೆ, ದೇವಸುಗೂರಿನ ಹುಡುಗಿಗೂ ಸೀಟು ಕೊಟ್ಟರು. ಹಾಸ್ಟೆಲಿನಲ್ಲಿ ಇಬ್ಬರಿಗೂ ಒಂದೇ ಖೋಲಿ. ಅವಳ ತಾಯಿ ಮತ್ತೆ ನಕ್ಕಳು. ಉಳಿದ ತೌಡನ್ನು ನಮ್ಮ ಎಮ್ಮೆಗೆ ಇಟ್ಟೆ. ಮೂಸಿ ನೋಡಿ ಬಿಟ್ಟಿತು.

ಆವತ್ತು ಮಾನ್ವಿಯಲ್ಲಿ ಖಾಸಿಂಬಿ ಇಟ್ಟ ಹಸಿರು ಬಳೆ ಬಹಳ ವರ್ಷ ನನ್ನ ಕೈಯಲ್ಲಿದ್ದವು. ಅವನ್ನು ಹಾಕಿಕೊಂಡೇ ಸಗಣಿ ಬಾಚಿದೆ, ರೊಟ್ಟಿ ಬಡಿದೆ, ಕಟ್ಟಿಗೆ ಒಡೆದೆ. ಒಂದೂ ಒಡೆಯಲಿಲ್ಲ. ಒಡೆದಿದ್ದರೆ ಬೈಯಬಹುದಿತ್ತು.